ನಿಮಗಿದು ಗೊತ್ತೆ? ಹರಿಗೋಲಿನ ಕೆಳಗೊಂದು ಕೋಟೆ!

ಕೊಯಮತ್ತೂರಿಗೆ ಸಮುದ್ರವಿಲ್ಲ, ಆದರೂ ದೋಣಿ ಕಲ್ಲಿಗೆ ಬಡಿಯುವ ಭಯ ಇಲ್ಲಿನ ನೀರಿನಲ್ಲೂ ಇದೆ. ಮೆಟ್ಟುಪಾಳಯಂ ದಾಟಿದ ಭವಾನಿ ನದಿ ಮೋಯಾರ್ ಜತೆ ಕೂಡುವಲ್ಲಿ 1955ರಲ್ಲಿ ಭವಾನಿಸಾಗರ ಅಣೆಕಟ್ಟು ಮುಗಿಯಿತು (ಆಗ ಅದು ಕೊಯಮತ್ತೂರು ಜಿಲ್ಲೆಯೇ, ಈಗ ಈರೋಡ್). ಹಿನ್ನೀರಿನಲ್ಲಿ ಮುಳುಗಿದ್ದು ದಣ್ಣಾಯಕನ ಕೋಟೆ, ನಮ್ಮ ಹೊಯ್ಸಳರ ದಂಡನಾಯಕರ ಊರು. ನೀರು ತೀರಾ ಇಳಿದ ವರ್ಷ ಅಲ್ಲಿನ ಮಾಧವರಾಯ ದೇವಸ್ಥಾನ ಮೇಲೇಳುತ್ತದೆ. ನೋಡಲು ಜನ ಹರಿಗೋಲು ಹತ್ತುತ್ತಾರೆ.

ಪೂರ್ತಿ ಮೇಲೆದ್ದ ಕಲ್ಲಿಗೆ ಹೆದರಬೇಕಿಲ್ಲ. ಗೇಣುದ್ದ ನೀರಿನಡಿ ಅಡಗಿದ್ದೇ ಅಪಾಯ. ಅದರ ಮೇಲೆ ನೀರು ಸುಕ್ಕುಗಟ್ಟುವುದು ಹಗಲಿಗೆ ಕಾಣುತ್ತದೆ, ರಾತ್ರಿ ಕಾಣದು. ಅಣೆಕಟ್ಟಿನ ಮಟ್ಟ ಏರಿಳಿಯುವುದರಿಂದ ಹೋದ ತಿಂಗಳ ದಾರಿಯನ್ನು ಈ ತಿಂಗಳು ನಂಬುವಂತಿಲ್ಲ.

ರಾತ್ರಿ ಒಬ್ಬನೇ ಹೊರಟವನದಂತೂ ಪೂರಾ ಫಜೀತಿ. ತಳ ಚಪ್ಪಟೆಯಾದ ಹರಿಗೋಲು ಹುಟ್ಟು ನಿಲ್ಲಿಸಿದರೆ ಗಿರಗಿರ ತಿರುಗುತ್ತದೆ. ಹುಟ್ಟಿಗೆ ಎರಡೂ ಕೈ ಬೇಕು. ಟಾರ್ಚ್ ಹಿಡಿಯುವವರು ಯಾರು? ಒಮ್ಮೆ ತಿರುಗಿತೋ, ಕತ್ತಲಲ್ಲಿ ದಡ ಯಾವ ಕಡೆ ಎಂಬುದೇ ತಪ್ಪಿಹೋಗುತ್ತದೆ. ಕಡಲಲ್ಲಾದರೆ ಬಂಡೆ ಗುರುತಿಸಿದ ನಕ್ಷೆ ಇರುತ್ತದೆ, ಕಾರವಾರದಾಚೆಯ ದೇವಗಡದಲ್ಲಿರುವಂಥ ದೀಪಸ್ತಂಭವೂ ಇರುತ್ತದೆ. ಹಿನ್ನೀರಿನ ಹರಿಗೋಲಿಗೆ ಅಂಥ ಅನುಕೂಲ ಕಡಿಮೆ.