ಪಣಂಬೂರಿನ ಬೋರ್ಡು, ಮಣಿಪಾಲದ ಮೇಷ್ಟ್ರು

ಪಣಂಬೂರು: ಸ್ಟೇಟ್‌ಬ್ಯಾಂಕಿನಲ್ಲಿ ಸುರತ್ಕಲ್ ಬಸ್ಸು ಹತ್ತಿ ಕಿಟಕಿ ಪಕ್ಕ ಸೀಟು ಸಿಕ್ಕಿದವರಿಗೆ ಓದಲಿಕ್ಕೆ ಬೇರೆ ಪೇಪರು ಬೇಡ. ಕೊಟ್ಟಾರ ಚೌಕಿ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಬೋರ್ಡೇ ಬೋರ್ಡು. ಕೂಳೂರು ಸಂಕ ಕಳೆದು ಪಣಂಬೂರು ಮುಟ್ಟುವಷ್ಟರಲ್ಲಿ ಹೋಟೆಲು, ಟಯರ್ ಅಂಗಡಿ, ಲಾರಿ ಬುಕಿಂಗ್ ಆಫೀಸು, ಮೆಡಿಕಲ್ಲು ಎಂದು ನೂರಾರು ಹೆಸರು ಕಣ್ಣಿಗೆ ಬಿದ್ದಿರುತ್ತವೆ. ಅಂಗಡಿ ಯಾರದ್ದೆಂದು ಬೋರ್ಡೇ ಹೇಳುತ್ತದೆ. ಆದರೆ ಬೋರ್ಡಿನ ಆ ಅಕ್ಷರ ಯಾರದ್ದು?

ಮೊದಲೆಲ್ಲ ಇದಕ್ಕೆ ಉತ್ತರ ಸುಲಭ. ಬೋರ್ಡಿನ ಕೆಳಮೂಲೆಯಲ್ಲಿ ಪೇಂಟರ್ ತನ್ನ ಹೆಸರು ಬರೆಯುತ್ತಿದ್ದ. ಈಗ ಫ್ಲೆಕ್ಸಿನ ಮೂಲೆಯಲ್ಲಿ ಪ್ರಿಂಟಿಂಗ್ ಅಂಗಡಿಯ ಫೋನ್ ನಂಬರು ಮಾತ್ರ. ಅಕ್ಷರ ಕಂಪ್ಯೂಟರಿನಿಂದ ಬಂತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಕಂಪ್ಯೂಟರಿಗೆ ಕನ್ನಡವನ್ನು ದೇವರು ಕಲಿಸಲಿಲ್ಲ ಮಾರಾಯ್ರೆ, ಕಾಲೇಜು ಮೇಷ್ಟ್ರುಗಳು ಕಲಿಸಿದ್ದು. ಅವರಲ್ಲಿ ಮೊದಲ ಸಾಲಿನ ಒಬ್ಬರು ನಮ್ಮ ಕಿನ್ನಿಕಂಬಳದವರು.

ಕಿನ್ನಿಕಂಬಳ ಪದ್ಮನಾಭ ರಾವ್ ಎಂದರೆ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ಕೆ.ಪಿ. ರಾವ್ ಎಂದರೆ ಡಿಟಿಪಿ ಮಾಡುವ ಹುಡುಗಿಯರು ಕೂಡಲೇ ತಲೆಯಾಡಿಸುತ್ತಾರೆ, ಯಾಕೆಂದರೆ ಅವರು ದಿನವಿಡೀ ಬೆರಳಾಡಿಸುವ ಕೀಬೋರ್ಡ್ ಜೋಡಣೆಯ ಹೆಸರೇ ಅದು. 1940ರಲ್ಲಿ ಹುಟ್ಟಿದ ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಐರಾವತಂ ಮಹಾದೇವನ್ ಅವರು ಸಿಂಧೂ ಕಣಿವೆಯ ಮುದ್ರೆಗಳ ಲಿಪಿಯನ್ನು ಕಂಪ್ಯೂಟರಿಗೆ ಹಾಕಿ ಲೆಕ್ಕ ಹಿಡಿದಾಗ ರಾವ್ ಆ ಕೆಲಸದಲ್ಲಿ ಜೊತೆಗಿದ್ದರು. ಯಾರಿಗೂ ಓದಲಿಕ್ಕಾಗದ ಲಿಪಿಯಿಂದ ಶುರುಮಾಡಿ ಎಲ್ಲರೂ ಓದುವ ಲಿಪಿಗೆ ಬಂದರು ಎನ್ನಬಹುದು. ಆಮೇಲೆ ಮುದ್ರಣದ ಅಕ್ಷರ ಜೋಡಣೆಯ ಕ್ಷೇತ್ರ, ಮುಂದೆ ಮಣಿಪಾಲದ ತಾಂತ್ರಿಕ ವಿದ್ಯಾಲಯದಲ್ಲಿ ಪಾಠ.

ಅವರು ಮಾಡಿದ್ದೇನು? ಇಂಗ್ಲಿಷಿನ 26 ಕೀಗಳಲ್ಲೇ ಕನ್ನಡವನ್ನು ಕೂರಿಸಿದರು. ಕ ಬೇಕಾದರೆ ‘ಕೆ’ ಒತ್ತು, ಖ ಬೇಕಾದರೆ ಶಿಫ್ಟ್ ಹಿಡಿದು ಅದೇ ‘ಕೆ’ ಒತ್ತು. ‘ಪಣಂಬೂರು’ ಎಂದು ಹೊಡೆಯಲಿಕ್ಕೆ ಒಟ್ಟು ಏಳು ಕೀ, ಅದರಲ್ಲಿ ಮೂರಕ್ಕೆ ಶಿಫ್ಟ್: ಣಕಾರ, ಸೊನ್ನೆ, ಮತ್ತೆ ಬಕಾರದ ದೀರ್ಘ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ಅದು ಕೊಂಡಿ ಹಾಕುವ ಕೀ. ಒತ್ತು ಎಲ್ಲಿ ಕೂರಬೇಕು, ಅರ್ಕಾವತ್ತು ಎಲ್ಲಿ ಹೋಗಬೇಕು ಎಂಬ ತಲೆಬಿಸಿ ಟೈಪು ಮಾಡುವವರಿಗಿಲ್ಲ. ಬಾಯಲ್ಲಿ ಹೇಳುವ ಕ್ರಮದಲ್ಲೇ ಕೈ ಹೊಡೆಯಬೇಕು, ಆಕಾರ ಕಟ್ಟುವುದು ಯಂತ್ರದ ಪಾಡು. ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಅಕ್ಷರದ ತುಂಡುಗಳನ್ನು ಒಂದರ ಕೆಳಗೊಂದು ಪೋಣಿಸಿ ಕೈಸೋತವರಿಗೆ ಇದರ ಬೆಲೆ ಗೊತ್ತು.

ತಂತ್ರಾಂಶಕ್ಕೆ ರಾವ್ ಇಟ್ಟ ಹೆಸರು ‘ಸೇಡಿಯಾಪು’. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಮೇಷ್ಟ್ರೊಬ್ಬರು ಇನ್ನೊಬ್ಬ ಮೇಷ್ಟ್ರಿಗೆ ಸಲ್ಲಿಸಿದ ಗೌರವ. ಅದನ್ನು ಪುಕ್ಕಟೆಯಾಗಿಯೇ ಹಂಚಿದರು. ಮುಂದೆ ಸರಕಾರ ‘ನುಡಿ’ ತಂತ್ರಾಂಶ ತಂದಾಗ ಅದಕ್ಕೂ ಇದೇ ಕೀ ಜೋಡಣೆ ಆಧಾರವಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. ತಾಲೂಕು ಆಫೀಸಿನ ಆರ್‌ಟಿಸಿಯಿಂದ ಮದುವೆ ಕಾಗದದವರೆಗೆ ಎಷ್ಟು ಕೈಗಳು ಈ ಜೋಡಣೆಯಲ್ಲಿ ಹೊಟ್ಟೆ ಹೊರೆದವೋ, ಲೆಕ್ಕವಿಟ್ಟವರಿಲ್ಲ.

ಬೊಂಬಾಯಿಯ ಕ್ಲಾಸ್‌ರೂಮು

ಕೀ ಒತ್ತಿದರೆ ಸಾಕೇ? ಅಕ್ಷರಕ್ಕೊಂದು ರೂಪ ಬೇಕು. ಅದು ಚಿತ್ರ ಬರೆಯುವವರ ಕೆಲಸ. ಇಲ್ಲಿ ಬರುವವರು ಬೊಂಬಾಯಿ ಐಐಟಿಯ ವಿನ್ಯಾಸ ವಿಭಾಗದಲ್ಲಿ 1983ರಿಂದ 1996ರವರೆಗೆ ಕಲಿಸಿದ ಪ್ರೊಫೆಸರ್ ಆರ್.ಕೆ. ಜೋಶಿ. ಜಾಹೀರಾತು ಕಂಪೆನಿಯಲ್ಲಿ ದುಡಿದು ಮೇಷ್ಟ್ರಾದವರು, ಮರಾಠಿ ಕವಿಯೂ ಹೌದು. ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಅದರೊಳಗೆ ‘ತುಂಗಾ’ ಎಂಬ ಕನ್ನಡ ಅಕ್ಷರವಿತ್ತು. ಅದು ಜೋಶಿಯವರ ಮುಂದಾಳತ್ವದಲ್ಲಿ ಆದದ್ದು. ನಮ್ಮ ಹೊಳೆಯ ಹೆಸರಿಟ್ಟ ಆ ಮರಾಠಿ ಮೇಷ್ಟ್ರು 2008ರಲ್ಲಿ ತೀರಿಹೋದರು.

ಅದೇ ವಿಭಾಗದಲ್ಲಿ ಕಲಿತು ಅಲ್ಲೇ ಮೇಷ್ಟ್ರಾದ ಗಿರೀಶ್ ದಳವಿ ಮತ್ತು ಗೆಳೆಯರು 2013ರಲ್ಲಿ ‘ಏಕ್ ಟೈಪ್’ ಎಂಬ ಕೂಟ ಕಟ್ಟಿದರು. ಅವರ ‘ಬಲೂ’ ಎಂಬ ದಪ್ಪ, ಉರುಟು ಅಕ್ಷರ ಭಾರತದ ಹಲವು ಲಿಪಿಗಳಲ್ಲಿ ಬಂತು. ಕನ್ನಡದ್ದಕ್ಕೆ ಹೆಸರು ‘ಬಲೂ ತಮ್ಮ’, ಮಲಯಾಳದ್ದಕ್ಕೆ ‘ಬಲೂ ಚೇಟ್ಟನ್’. ನಾವು ತಮ್ಮ, ಕೇರಳದವರು ಅಣ್ಣ! ಗಡಿಯ ಆಚೆ ಕಾಸರಗೋಡಿನ ಕನ್ನಡಿಗರು ಇದನ್ನು ಒಪ್ಪುತ್ತಾರೋ ಇಲ್ಲವೋ, ಕನ್ನಡದ ಬಲೂವನ್ನು ಬರೆದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ಎಂಬಿಬ್ಬರು ಹೆಣ್ಣುಮಕ್ಕಳು. ಯಾರೂ ದುಡ್ಡು ಕೊಡದೆ ಬಳಸಬಹುದು. ದಪ್ಪ ಅಕ್ಷರವಾದ್ದರಿಂದ ಓಡುವ ಬಸ್ಸಿನಿಂದಲೂ ಓದಲಿಕ್ಕಾಗುತ್ತದೆ. ಬೋರ್ಡಿಗೆ ಅದಕ್ಕಿಂತ ಹೆಚ್ಚಿನದು ಇನ್ನೇನು ಬೇಕು?

ಅಂಗಡಿಯವರ ತಾಪತ್ರಯ

ಇಷ್ಟೆಲ್ಲ ಇದ್ದೂ ಬೋರ್ಡಿನಲ್ಲಿ ತಪ್ಪು ಯಾಕೆ ಎಂದು ಕೇಳಿದರೆ ಕಾರಣ ಉಂಟು. ನಿಮ್ಮ ಫೋನಿನ ಕನ್ನಡ ಒಂದು, ಹಳೆ ಡಿಟಿಪಿ ಅಂಗಡಿಯ ಕನ್ನಡ ಇನ್ನೊಂದು. ಫೋನು ಬಳಸುವುದು ಯೂನಿಕೋಡ್, ಅಂದರೆ ಪ್ರಪಂಚದ ಪ್ರತಿ ಅಕ್ಷರಕ್ಕೂ ಒಂದೊಂದು ನಂಬರು ಕೊಟ್ಟ ಪಟ್ಟಿ. ಕನ್ನಡ ಅದರಲ್ಲಿ 1991ರಿಂದಲೇ ಇದೆ. ಹಳೆ ಪೇಜ್‌ಮೇಕರಿಗೆ ಆ ಪಟ್ಟಿಯ ಪರಿಚಯವಿಲ್ಲ. ಅದರಲ್ಲಿ ಇಂಗ್ಲಿಷ್ ಅಕ್ಷರದ ಜಾಗಕ್ಕೆ ಕನ್ನಡದ ಮುಖವಾಡ ಹಾಕಿಸಿ ಕೆಲಸ ಸಾಗಿಸುತ್ತಾರೆ. ನೀವು ವಾಟ್ಸಾಪಿನಲ್ಲಿ ಕಳಿಸಿದ ಅಂಗಡಿ ಹೆಸರು ಅಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆ, ಖಾಲಿ ಚೌಕ. ಮತ್ತೆ ಕೈಯಲ್ಲಿ ಹೊಡೆಯಬೇಕು. ಆಗ ‘ಶೆಟ್ಟಿ’ ಹೋಗಿ ‘ಶೆಟಿ’ ಆಗುತ್ತದೆ. ದುಡ್ಡು ಕೊಟ್ಟು ಮನೆತನದ ಹೆಸರು ಕೆಡಿಸಿಕೊಂಡ ಹಾಗೆ. ಬರೆದ ಕನ್ನಡವನ್ನು ಯೂನಿಕೋಡಿನಲ್ಲೇ ಮುದ್ರಿಸುವ ಅಂಗಡಿ ಹುಡುಕಿ ಹೋದವರಿಗೆ ಈ ಕಷ್ಟವಿಲ್ಲ.

ಕಾನೂನೂ ಬೆನ್ನ ಹಿಂದೆ ಬಂದಿದೆ. 2024ರ ತಿದ್ದುಪಡಿಯಂತೆ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಬೋರ್ಡು ಇಳಿಸಿ ಕನ್ನಡ ಏರಿಸಿದವರು ಜಾಗ ತುಂಬಿಸಿದರೆ ಮುಗಿಯಿತು ಎಂದುಕೊಂಡರೆ ಹೇಗೆ? ಕಲ್ಲಚ್ಚಿನಲ್ಲಿ 1843ರಲ್ಲೇ ‘ಮಂಗಳೂರ ಸಮಾಚಾರ’ ಹೊರಡಿಸಿದ ಊರು ಇದು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಆ ಮೊಳೆ ಅಕ್ಷರದ ಅಂದ ಈಗಿನ ಎಷ್ಟು ಬೋರ್ಡಿನಲ್ಲಿದೆ ಎಂದು ಬಸ್ಸಿನಲ್ಲಿ ಕೂತು ನೋಡಿಕೊಳ್ಳಬಹುದು.

ಇನ್ನು ತುಳುವಿನ ವಿಷಯ. ಪಣಂಬೂರಿನಲ್ಲಿ ಬಾಯಿ ತೆರೆದರೆ ತುಳು, ಬೋರ್ಡಿನಲ್ಲಿ ಮಾತ್ರ ಅದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡಿನ 16ನೇ ಆವೃತ್ತಿಯಲ್ಲಿ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ ಈ ಲಿಪಿಗೂ ನಂಬರು ಸಿಕ್ಕಿತು, ಒಟ್ಟು 80 ಚಿಹ್ನೆಗಳಿಗೆ. ಅದರ ಹಿಂದೆ ವರ್ಷಗಟ್ಟಲೆ ಕಾಗದಪತ್ರ ನಡೆದಿದೆ. ಅಕ್ಷರ ವಿನ್ಯಾಸಕಿ ವೈಷ್ಣವಿ ಮೂರ್ತಿ 2017ರಲ್ಲೇ ಪ್ರಸ್ತಾವ ಸಲ್ಲಿಸಿದ್ದರು. ಆಮೇಲೆ ವಿನೋದ್ ರಾಜನ್ ಜೊತೆಯಾದರು. ಈ ರಾಜನ್ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಹಳೆ ಬರವಣಿಗೆಯನ್ನು ಕಂಪ್ಯೂಟರಿನಿಂದ ಅಳೆಯುವ ವಿಷಯದಲ್ಲೇ ಡಾಕ್ಟರೇಟ್ ಮಾಡಿದವರು. ತಾಳೆಗರಿಗಳಲ್ಲಿ ಒಂದೊಂದು ಅಕ್ಷರ ಹೇಗೆಲ್ಲ ಬರೆಯಲ್ಪಟ್ಟಿದೆ ಎಂದು ಸಾಕ್ಷಿ ಸಮೇತ ತೋರಿಸಿದ ಮೇಲೆಯೇ ಒಪ್ಪಿಗೆ ಸಿಕ್ಕಿದ್ದು.

ನಂಬರು ಸಿಕ್ಕಿತೆಂದರೆ ರೇಶನ್ ಕಾರ್ಡು ಸಿಕ್ಕಿದ ಹಾಗೆ, ಅಕ್ಕಿ ಬೇರೆಯೇ ತರಬೇಕು. ಆ ನಂಬರುಗಳಿಗೆ ಚಂದದ ಫಾಂಟು ಬರೆಯಬೇಕು, ಕೀಬೋರ್ಡ್ ಜೋಡಿಸಬೇಕು, ಫೋನು ತಯಾರಿಸುವ ಕಂಪೆನಿಗಳು ಅದನ್ನು ಒಳಗೆ ಸೇರಿಸಬೇಕು. ಅಲ್ಲಿಯವರೆಗೆ ತುಳು ಲಿಪಿಯಲ್ಲಿ ಕಳಿಸಿದ ಮೆಸೇಜು ಇನ್ನೊಬ್ಬರ ಫೋನಿನಲ್ಲಿ ಬರೀ ಚೌಕ. ಕನ್ನಡದ ಜಾಗದಲ್ಲಿ ತುಳು ರೂಪ ಕೂರಿಸಿದ ಫಾಂಟುಗಳು ಮೊದಲೇ ಇದ್ದವು ನಿಜ. ಫಾಂಟಿಲ್ಲದ ಕಂಪ್ಯೂಟರಿಗೆ ಹೋದರೆ ಅದು ಪುನಃ ಕನ್ನಡವೇ ಆಗಿಬಿಡುತ್ತದೆ.

ಕಿನ್ನಿಕಂಬಳದವರೊಬ್ಬರು ಕನ್ನಡಕ್ಕೆ ಮಾಡಿದ್ದನ್ನು ತುಳುವಿಗೆ ಯಾರು ಮಾಡುತ್ತಾರೆ? ಮಂಗಳೂರಿನಲ್ಲಿ ಚಿತ್ರಕಲಾ ಶಾಲೆ ಉಂಟು, ಸುರತ್ಕಲ್‌ನಲ್ಲಿ ದೇಶಕ್ಕೇ ಹೆಸರಾದ ಎಂಜಿನಿಯರಿಂಗ್ ವಿದ್ಯಾಲಯ ಉಂಟು. ಚಿತ್ರ ಬರೆಯುವ ಹುಡುಗಿಗೂ ಪ್ರೋಗ್ರಾಮು ಬರೆಯುವ ಹುಡುಗನಿಗೂ ನಡುವೆ ಒಂದು ಬಸ್ ಟಿಕೇಟಿನ ದೂರ, ಆ ಬಸ್ಸು ಹೋಗುವುದೂ ಪಣಂಬೂರಿನ ಮೇಲೆಯೇ. ಒಂದು ವರ್ಷದ ಪ್ರಾಜೆಕ್ಟ್ ಕೆಲಸಕ್ಕೆ 80 ಚಿಹ್ನೆ, ಅವುಗಳ ಒತ್ತು, ಕೂಡಕ್ಷರ ಧಾರಾಳ ಸಾಕು. ಸದ್ಯಕ್ಕಂತೂ ತನ್ನ ಅಂಗಡಿ ಹೆಸರು ತುಳು ಲಿಪಿಯಲ್ಲೂ ಇರಲಿ ಎಂದು ಆಸೆಪಡುವ ವ್ಯಾಪಾರಿ ಹಾಳೆಯಲ್ಲಿ ಅಕ್ಷರ ಬರೆಸಿಕೊಂಡು, ಬ್ರಶ್ಶು ಹಿಡಿದ ಹಳೆ ಪೇಂಟರನ್ನೇ ಹುಡುಕುವುದು ಸಲೀಸು.