ಮನೆಗೆ ಮರಳಿದ ಮೇಲೆ ಬುದ್ಧಿಯ ಆರೈಕೆ

ವೆಂಟಿಲೇಟರಿನ ಆಶ್ರಯದಲ್ಲಿ ಹತ್ತು ಹದಿನೈದು ದಿನ ಜೀವನ್ಮರಣಗಳ ನಡುವೆ ತೂಗಾಡಿದವರೊಬ್ಬರು ಕಡೆಗೊಮ್ಮೆ ಮನೆಯ ಹೊಸ್ತಿಲು ದಾಟಿ ಒಳಬಂದಾಗ, ದೃಷ್ಟಿ ತೆಗೆದು, ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಗಂಡಾಂತರ ಕಳೆಯಿತೆಂದು ಬಂಧುಬಳಗವೆಲ್ಲ ನೆಮ್ಮದಿಯ ಉಸಿರು ಬಿಡುವುದು ಸಹಜವೇ ಸರಿ. ಆದರೆ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ, ಅಂಗಡಿಯ ಲೆಕ್ಕವನ್ನೆಲ್ಲ ಬಾಯಲ್ಲೇ ಕೂಡಿಸಿ ಹೇಳುತ್ತಿದ್ದ ಅದೇ ಮನುಷ್ಯರು ಚೀಟಿಯ ಮೇಲಿನ ನಾಲ್ಕು ಮೊತ್ತಗಳನ್ನು ಕೂಡಿಸಲಾರದೆ ಬೆವರುವುದನ್ನೂ, ಒಲೆಯ ಮೇಲೆ ಹಾಲಿಟ್ಟು ಮರೆತು ಹೋಗುವುದನ್ನೂ, ಪತ್ರಿಕೆಯ ಒಂದೇ ಪುಟವನ್ನು ಮತ್ತೆ ಮತ್ತೆ ಓದುವುದನ್ನೂ ಕಂಡ ಮನೆಯವರು ಅದನ್ನು ಆಲಸ್ಯವೆಂದೋ, ವಯಸ್ಸಿನ ದೋಷವೆಂದೋ, ಔಷಧದ ಮಂಪರೆಂದೋ ಭಾವಿಸಿ ಸುಮ್ಮನಾಗುತ್ತಾರೆ. ಅದು ಇವಾವುದೂ ಅಲ್ಲದೆ ಮಿದುಳಿಗೆ ಆದ ಒಂದು ಗಾಯವಿರಬಹುದೆಂಬುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ. ಈ ಲೇಖನವನ್ನು ಬರೆಯಲು ಆ ಮೌನವೇ ಕಾರಣ.

ತೀವ್ರನಿಗಾ ಘಟಕವೆಂಬ ವ್ಯವಸ್ಥೆ ಹುಟ್ಟಿದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ. 1952ರಲ್ಲಿ ಅಲ್ಲಿ ಪೋಲಿಯೊ ಹಬ್ಬಿ ರೋಗಿಗಳ ಉಸಿರಾಟವೇ ನಿಲ್ಲತೊಡಗಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರ ಸಲಹೆಯಂತೆ ನೂರಾರು ವಿದ್ಯಾರ್ಥಿಗಳು ಸರದಿಯ ಮೇಲೆ ಹಾಸಿಗೆಯ ಬಳಿ ಕುಳಿತು, ಹಗಲಿರುಳೂ ಕೈಯಿಂದಲೇ ಚೀಲವನ್ನೊತ್ತಿ ಅವರ ಶ್ವಾಸಕೋಶಗಳಿಗೆ ಗಾಳಿ ತುಂಬಿದರು. ಆ ದುಡಿಮೆಯಿಂದ ಉದ್ಭವಿಸಿದ ಶಾಸ್ತ್ರವು ಮುಂದಿನ ಅರ್ಧ ಶತಮಾನ ತನ್ನ ಸಾಫಲ್ಯವನ್ನು ಪ್ರಾಣ ಉಳಿಯಿತೇ ಎಂಬ ಒಂದೇ ಅಳತೆಗೋಲಿನಿಂದ ಅಳೆದುಕೊಂಡಿತು. ಉಳಿದ ಪ್ರಾಣವು ಯಾವ ಸ್ಥಿತಿಯಲ್ಲಿ ಬಾಳುತ್ತಿದೆಯೆಂಬ ಪ್ರಶ್ನೆ ತಡವಾಗಿ ಬಂದಿತು.

ಆ ಪ್ರಶ್ನೆಗೆ ದೊರೆತ ಅತ್ಯಂತ ಸ್ಪಷ್ಟವಾದ ಉತ್ತರಗಳಲ್ಲೊಂದು ಅಮೆರಿಕದ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ್ದು. ಪ್ರತೀಕ್ ಪಂಢರಿಪಾಂಡೆ, ವೆಸ್ಲಿ ಈಲಿ ಮೊದಲಾದ ವೈದ್ಯರು, ಉಸಿರಾಟ ಸೋತು ಅಥವಾ ರಕ್ತದೊತ್ತಡ ಕುಸಿದು ಘಟಕಕ್ಕೆ ಸೇರಿದ್ದ 821 ರೋಗಿಗಳನ್ನು ಅನುಸರಿಸಿ, 2013ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಬದುಕುಳಿದು ಮೂರು ತಿಂಗಳ ಬಳಿಕ ಪರೀಕ್ಷೆಗೆ ಒಳಗಾದವರಲ್ಲಿ ನೂರಕ್ಕೆ 40 ಮಂದಿಯ ಬುದ್ಧಿಶಕ್ತಿ, ತಲೆಗೆ ಸಾಕಷ್ಟು ಪೆಟ್ಟು ಬಿದ್ದವರ ಮಟ್ಟಕ್ಕೆ ಇಳಿದಿತ್ತು. ಅವರಲ್ಲಿಯೂ 26 ಮಂದಿಯ ಅಂಕಗಳು ಆಲ್‌ಜೈಮರ್ ರೋಗದ ಆರಂಭದಲ್ಲಿರುವವರ ಅಂಕಗಳನ್ನು ಹೋಲುತ್ತಿದ್ದವು. ವರ್ಷ ಕಳೆದ ಮೇಲೂ ಈ ಸಂಖ್ಯೆಗಳು 34 ಹಾಗೂ 24ರಷ್ಟಿದ್ದವು. ವೃದ್ಧರಷ್ಟೇ ಅಲ್ಲ, ನಡುವಯಸ್ಸಿಗೂ ಬಾರದವರು ಇವರಲ್ಲಿ ಸೇರಿದ್ದರು.

ಈ ಹಾನಿಯ ಜಾಡು ಹಿಡಿದು ಹೋದವರಿಗೆ ಎದುರಾದದ್ದು ನಮ್ಮ ಅಜ್ಜಿಯರು ‘ಸನ್ನಿ’ ಎಂದು ಕರೆಯುತ್ತಿದ್ದ, ವೈದ್ಯರು ಡೆಲಿರಿಯಂ ಎನ್ನುವ ಚಿತ್ತಭ್ರಮಣೆ. ಆ ಅಧ್ಯಯನದಲ್ಲಿ ನೂರಕ್ಕೆ 74 ಮಂದಿಗೆ ಅದು ತಗಲಿತ್ತು. ಅದು ಎಷ್ಟು ಹೆಚ್ಚು ದಿನ ಉಳಿಯಿತೋ ಮುಂದಿನ ಬುದ್ಧಿಮಾಂದ್ಯ ಅಷ್ಟು ಗಾಢವಾಗಿತ್ತು. ಸೋಂಕು, ಪ್ರಾಣವಾಯುವಿನ ಕೊರತೆ, ಮಂಪರು ಬರಿಸುವ ಔಷಧಗಳ ಅತಿಬಳಕೆ, ಹಗಲು ರಾತ್ರಿಗಳ ಭೇದವೇ ಇಲ್ಲದ ಬೆಳಕಿನಲ್ಲಿ ಕೆಟ್ಟುಹೋದ ನಿದ್ರೆ, ಇವೆಲ್ಲ ಕೂಡಿ ಸನ್ನಿಯನ್ನು ತರುತ್ತವೆ. ಸನ್ನಿಯೆಂದರೆ ಕೂಗಾಟ, ಕೈಕಾಲು ಬಡಿದಾಟವೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಮೌನವಾಗಿಯೇ ಇರುತ್ತದೆ. ರೋಗಿ ಕಣ್ಣು ತೆರೆದು ಶಾಂತವಾಗಿ ಮಲಗಿರುವಾಗಲೇ, ಒಳಗೆ ದಾದಿಯು ವಿಷವುಣಿಸುವವಳಾಗಿ, ಕೈಗೆ ಕಟ್ಟಿದ ಪಟ್ಟಿ ಸೆರೆಮನೆಯ ಸಂಕೋಲೆಯಾಗಿ ತೋರುತ್ತಿರಬಹುದು. ಆ ಸುಳ್ಳು ನೆನಪುಗಳು ನಿಜವಾದವುಗಳಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ.

ಹೀಗೆ ಕುಂದಿದ ಬುದ್ಧಿಯನ್ನು ಮತ್ತೆ ಪಳಗಿಸುವ ಕ್ರಮಗಳಲ್ಲೊಂದನ್ನು, ವ್ಯಾಂಡರ್‌ಬಿಲ್ಟಿನ ಮನಶ್ಶಾಸ್ತ್ರಜ್ಞ ಜೇಮ್ಸ್ ಜಾಕ್ಸನ್ ಮತ್ತು ಸಂಗಡಿಗರು 21 ಮಂದಿಯ ಮೇಲೆ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ಮಾಡುತ್ತಿರುವ ಕೆಲಸವನ್ನು ಒಂದು ಕ್ಷಣ ನಿಲ್ಲಿಸಿ, ತನ್ನ ಉದ್ದೇಶವೇನೆಂದು ತನಗೆ ತಾನೇ ಹೇಳಿಕೊಂಡು, ಅದನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಹೆಜ್ಜೆಹೆಜ್ಜೆಗೂ ದಾರಿ ತಪ್ಪಿಲ್ಲವೇ ಎಂದು ನೋಡಿಕೊಳ್ಳುವುದೇ ಅದರ ತಿರುಳು. ಇದರೊಡನೆ ಮನೆಯಲ್ಲಿಯೇ ವ್ಯಾಯಾಮವನ್ನೂ ಸೇರಿಸಿ ಹನ್ನೆರಡು ವಾರ ನಡೆಸಿದಾಗ, ಯೋಜಿಸಿ ನಡೆಯುವ ಶಕ್ತಿ ಗಮನಾರ್ಹವಾಗಿ ಸುಧಾರಿಸಿತು. ಪ್ರಯೋಗ ಕಿರಿದು, ಅದರಿಂದ ಪವಾಡವನ್ನು ನಿರೀಕ್ಷಿಸಲಾಗದು. ಆದರೂ ಸಾರು ಮಾಡುವುದನ್ನೇ ಮರೆತ ಗೃಹಿಣಿಗೆ ಬೇಳೆ, ಹುಣಿಸೆ, ಒಗ್ಗರಣೆಗಳನ್ನು ಕ್ರಮವಾಗಿ ಬರೆದು ಗೋಡೆಗೆ ಅಂಟಿಸಿ, ಒಂದೊಂದು ಮುಗಿದಂತೆಲ್ಲ ಗುರುತು ಹಾಕಲು ಕಲಿಸಿದರೆ, ಆಕೆ ಮರಳಿ ಪಡೆಯುವುದು ಸಾರನ್ನಷ್ಟೇ ಅಲ್ಲ, ಅಡುಗೆಮನೆಯ ಒಡೆತನವನ್ನೂ ಕೂಡ.

ತಜ್ಞರು ಈ ಸ್ಥಿತಿಗೆ ಒಂದು ಹೆಸರನ್ನು ಗೊತ್ತುಮಾಡಿ 2012ರಲ್ಲಿ ಪ್ರಕಟಿಸಿದಾಗ, ಅದರ ವ್ಯಾಪ್ತಿಯೊಳಗೆ ಕುಟುಂಬದವರನ್ನೂ ತಂದದ್ದು ನನಗೆ ಬಹು ಮುಖ್ಯವಾಗಿ ತೋರುತ್ತದೆ. ಹೊರಗಿನ ಬೆಂಚಿನ ಮೇಲೆ ರಾತ್ರಿಗಳನ್ನು ಕಳೆದ ಹೆಂಡತಿಗೆ, ಸಹಿ ಹಾಕಲೋ ಬೇಡವೋ ಎಂದು ತಲ್ಲಣಿಸಿದ ಮಗನಿಗೆ, ರೋಗಿ ಗುಣವಾದ ಮೇಲೂ ನಿದ್ದೆ ಬಾರದಿರುವುದು, ಫೋನು ಮೊಳಗಿದರೆ ಎದೆ ಧಸಕ್ಕೆನ್ನುವುದು ವೈದ್ಯರು ಗುರುತಿಸಿದ ಬಾಧೆಗಳು, ದೌರ್ಬಲ್ಯವೆಂದು ನಾಚಬೇಕಾದವಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಲೆಗೆ ಪೆಟ್ಟಾದವರಿಗೆ ಇಂಥ ಬುದ್ಧಿತರಬೇತಿ ಬಹುಕಾಲದಿಂದ ನಡೆದುಬಂದಿದೆ. ತೀವ್ರನಿಗಾ ಘಟಕದಿಂದ ಹೊರಡುವವರ ಡಿಸ್‌ಚಾರ್ಜ್ ಚೀಟಿಯಲ್ಲಿಯೂ, ಮಾತ್ರೆಗಳ ಪಟ್ಟಿಯ ಕೆಳಗೆ, ಮೂರು ತಿಂಗಳಿಗೊಮ್ಮೆ ನೆನಪು ಮತ್ತು ಗಮನಗಳನ್ನು ಪರೀಕ್ಷಿಸಿಕೊಳ್ಳಿರೆಂಬ ಒಂದು ಸಾಲು ಇರಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ. ಅಲ್ಲಿಯವರೆಗೆ, ರೋಗಿ ಇನ್ನೂ ಘಟಕದಲ್ಲಿರುವಾಗ ಸಂಜೆ ಒಳಹೋಗಲು ದೊರೆಯುವ ಐದು ನಿಮಿಷವೂ ವ್ಯರ್ಥವಾಗಬೇಕಿಲ್ಲ: ಅವರ ಕನ್ನಡಕವನ್ನು ಅವರಿಗೆ ತೊಡಿಸಿ, ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆದು, ಇಂದು ಯಾವ ವಾರ, ಈಗ ಹಗಲೋ ರಾತ್ರಿಯೋ, ತಾವೆಲ್ಲಿದ್ದೀರಿ ಎಂಬುದನ್ನು ಮೆಲ್ಲನೆ ಹೇಳಬಹುದು. ಮತ್ತೆ ಹೊರಗೆ ಬಂದು ಒಂದು ನೋಟುಪುಸ್ತಕದಲ್ಲಿ ಆ ದಿನದ ಸಂಗತಿಗಳನ್ನು ಬರೆದಿಡಬಹುದು. ಸ್ಕ್ಯಾಂಡಿನೇವಿಯದ ದಾದಿಯರು ರೂಢಿಗೆ ತಂದ ಪದ್ಧತಿಯಿದು. 352 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದರಲ್ಲಿ, ಇಂಥ ದಿನಚರಿ ಕೈಗೆ ಬಂದವರಲ್ಲಿ ಆಘಾತೋತ್ತರ ಮನೋವ್ಯಾಧಿ ನೂರಕ್ಕೆ 5 ಮಂದಿಗೆ, ಬಾರದವರಲ್ಲಿ 13 ಮಂದಿಗೆ ಕಾಣಿಸಿಕೊಂಡಿತು. ‘ಮಂಗಳವಾರ. ಇಂದು ನಳಿಗೆ ತೆಗೆದರು. ನೀರು ಕೇಳಿದಿರಿ. ನಾವೆಲ್ಲ ಕಿಟಕಿಯ ಆಚೆ ನಿಂತಿದ್ದೆವು.’ ತನ್ನನ್ನು ಸೆರೆಯಲ್ಲಿಟ್ಟಿದ್ದರೆಂದು ನಂಬಿ ನರಳಿದವರೊಬ್ಬರು ತಿಂಗಳುಗಳ ಬಳಿಕ ತಮ್ಮ ಮಗಳ ಕೈಬರಹದಲ್ಲಿ ಓದಬೇಕಾದ ಸಾಲುಗಳು ಇಂಥವು.