ಕಾರ್ಡನ್ನು ಸಾಲ ಕೊಡಬಾರದು

ಹರಿಹರೇಶ್ವರನ ಕ್ಷೇತ್ರವಾದ ಹರಿಹರವು, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಸ್ಥಾಪಿತವಾದಂದಿನಿಂದ ಕಾರ್ಖಾನೆಗಳ ಊರೂ ಆಯಿತು. ಆ ಸಂಸ್ಥೆಯು ಮುಚ್ಚಿಹೋಗಿದ್ದರೂ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದಿಗೂ ಕಾರ್ಖಾನೆಗಳಲ್ಲಿಯೇ ದುಡಿಯುವರು. ಆದುದರಿಂದ ಅಂತಹ ಕಡೆಗಳಲ್ಲಿ ಬಳಕೆಗೆ ಬಂದಿರುವ ಒಂದು ಸಾಧನವನ್ನು ಗೃಹಸ್ಥರು ಅರಿತಿರುವುದು ಯುಕ್ತ.

ಸರಕನ್ನೆತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಬಂಡಿಯು ಹಿಂದಿನ ಚಕ್ರಗಳಿಂದ ತಿರುಗುವುದು; 2 ಟನ್ನು ಎತ್ತುವ ಬಂಡಿಯ ಸ್ವಂತ ತೂಕವೇ 3 ಟನ್ನಿಗೆ ಮಿಕ್ಕುವುದು. ಕಲಿಯದವನ ಕೈಯಲ್ಲಿ ಅದು ಮಗುಚಿಬೀಳಬಹುದು. ಕೀಲಿಯು ಬಂಡಿಯಲ್ಲಿಯೇ ಉಳಿದರೆ ಯಾರಾದರೂ ಏರಬಹುದಷ್ಟೆ. ಈ ಸಾಧನವನ್ನು ಜೋಡಿಸಿದ ಬಂಡಿಯಾದರೋ, ತರಬೇತಿ ಹೊಂದಿದ ಚಾಲಕನ ಕಾರ್ಡನ್ನು ಮುಟ್ಟಿಸಿದ ಹೊರತು ಹೊರಡದು. ಯಾರ ಕಾರ್ಡಿನಿಂದ ಎಷ್ಟು ಹೊತ್ತು ಓಡಿತು, ಯಾವಾಗ ಬಲವಾಗಿ ತಗುಲಿತು ಎಂಬುದನ್ನೂ ದಾಖಲಿಸುವುದು.

ಇದನ್ನು ಕಾವಲೆಂದು ಬೇಸರಿಸುವವರುಂಟು. ನಿರಪರಾಧಿಗೆ ಅದೇ ಸಾಕ್ಷಿಯೆಂಬುದನ್ನು ಅವರು ಮರೆಯಬಾರದು. ಆದರೆ ಯಂತ್ರವು ಕಾರ್ಡನ್ನು ಬಲ್ಲುದೇ ಹೊರತು ಮನುಷ್ಯನನ್ನರಿಯದು. ದಾಕ್ಷಿಣ್ಯಕ್ಕೆ ಕಾರ್ಡನ್ನು ಗೆಳೆಯನಿಗಿತ್ತರೆ ಪ್ರಾಣಾಪಾಯವು ಅವನಿಗೆ, ಅಪವಾದವು ಇತ್ತವನಿಗೆ.

ತನ್ನ ಸಹಿಯನ್ನು ಯಾರಾದರೂ ಸಾಲ ಕೊಡುವರೆ? ಕಾರ್ಡೂ ಹಾಗೆಯೇ ಎಂಬುದನ್ನು ಮನೆಯ ಹಿರಿಯರು ಕೆಲಸಕ್ಕೆ ಹೊರಡುವ ಮಕ್ಕಳಿಗೆ ತಿಳಿಯಹೇಳತಕ್ಕದ್ದೆಂದು ನಮ್ಮ ವಿಜ್ಞಾಪನೆ.